ಸೂಜಿ ಚಿಕಿತ್ಸೆ: ನೋವಿಗೆ ಆಸರೆ, ಸರ್ವರೋಗಕ್ಕೆ ಮದ್ದಲ್ಲ

ನಮ್ಮ ಜತ್ತ ತಾಲೂಕಿನಲ್ಲಿ ನಡನೋವು ಕಾಣದ ರೈತನ ಮನೆ ಹುಡುಕುವುದು ಕಷ್ಟ. ಜೋಳದ ಸುಗ್ಗಿಯಲ್ಲಿ, ದ್ರಾಕ್ಷಿ, ದಾಳಿಂಬೆ ತೋಟದ ಕೆಲಸದಲ್ಲಿ, ಕಬ್ಬಿನ ಹಂಗಾಮಿಗೆ ಕೊಯ್ತಾ ಹಿಡಿದು ಊರು ಬಿಟ್ಟು ಹೋದಾಗ ನಡ, ಕುತ್ತಿಗೆ, ಮೊಣಕಾಲು ಮೂರೂ ಸೋಲುತ್ತವೆ. ನೋವು ಹೆಚ್ಚಾದರೆ ಔಷಧದ ಅಂಗಡಿಯ ಗುಳಿಗೆ, ಇಲ್ಲವೆ ದವಾಖಾನೆಯಲ್ಲಿ ಒಂದು ಇಂಜೆಕ್ಷನ್. ಇದು ನಮ್ಮ ರೂಢಿ. ಈಗ ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆಯ ಮಾತೂ ಕೇಳಿಬರುತ್ತದೆ. ಇದು ಕ್ರೈಸ್ತರಿಗೆ ಸಲ್ಲುತ್ತದೆಯೇ, ಇದರಿಂದ ಗುಣ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ನಮ್ಮ ಅಭಿಪ್ರಾಯವನ್ನು ಇಲ್ಲಿ ತಿಳಿಸುತ್ತೇವೆ.

ಇದು ಚೀನಾ ದೇಶದ ಪುರಾತನ ಚಿಕಿತ್ಸೆ. ನಮ್ಮ ನೆರೆಯ ಸೋಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರು 1938ರಲ್ಲಿ ಚೀನಾದ ಗಾಯಾಳುಗಳ ಸೇವೆಗೆ ಹೋಗಿ, 1942ರಲ್ಲಿ ಅಲ್ಲಿಯೇ ಪ್ರಾಣ ಬಿಟ್ಟರು. ಆ ಐವರು ವೈದ್ಯರ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ, ಈ ವಿದ್ಯೆಯನ್ನು ಕಲಿತು ಕಲಕತ್ತೆಗೆ ತಂದರು. ಬಹಳ ತೆಳುವಾದ ಸೂಜಿಗಳನ್ನು ಮೈಯ ಗೊತ್ತಾದ ಜಾಗಗಳಲ್ಲಿ ಚುಚ್ಚಿ, ಸುಮಾರು 20ರಿಂದ 30 ನಿಮಿಷ ಹಾಗೆಯೇ ಬಿಡುತ್ತಾರೆ. ಸೂಜಿಯಲ್ಲಿ ಔಷಧವಿರುವುದಿಲ್ಲ. ಪ್ರಾಣಶಕ್ತಿ ಹರಿಯುವ ನಾಳಗಳಿವೆ ಎಂದು ಚೀನಾದ ಹಿಂದಿನವರು ನಂಬಿದ್ದರು. ಅಂಥ ನಾಳಗಳು ಶರೀರಶಾಸ್ತ್ರಕ್ಕೆ ಸಿಕ್ಕಿಲ್ಲ. ಸೂಜಿಯು ನರಗಳನ್ನು ಕೆಣಕಿದಾಗ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ವಸ್ತುವನ್ನು ನಮ್ಮ ಶರೀರವೇ ಬಿಡುತ್ತದೆ ಎಂಬುದು ಇಂದಿನ ವೈದ್ಯರ ವಿವರಣೆ.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ವೈದ್ಯನನ್ನು ಗೌರವಿಸಬೇಕು, ಔಷಧವೂ ದೇವರ ಸೃಷ್ಟಿಯೇ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ನಮಗೆ ಕಲಿಸುತ್ತದೆ. ಬರೀ ನೋವಿಗಾಗಿ ಸೂಜಿ ಹಾಕಿಸಿಕೊಂಡರೆ ವಿಶ್ವಾಸಕ್ಕೆ ಧಕ್ಕೆಯಿಲ್ಲ. ಅದರ ಜೊತೆಗೆ ಮಂತ್ರ, ತಾಯಿತಗಳನ್ನು ಸೇರಿಸುವವರು ಸಿಕ್ಕರೆ ಎದ್ದು ಬನ್ನಿರಿ.

ಎರಡನೆಯ ಪ್ರಶ್ನೆಗೆ ಅಳೆದು ಉತ್ತರಿಸಬೇಕು. ಬಹುದಿನದ ನಡನೋವು, ಕುತ್ತಿಗೆ ನೋವು, ಪದೇ ಪದೇ ಬರುವ ಅರೆತಲೆನೋವು, ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ಇವುಗಳಲ್ಲಿ ಸೂಜಿಯಿಂದ ಸ್ವಲ್ಪ ಆರಾಮ ಸಿಗಬಹುದು. ಬಹುದಿನದ ನಡನೋವಿಗೆ ಇದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಲಹೆ ಕೊಟ್ಟಿದೆ. ಮೊಣಕಾಲಿನ ಸವೆತದ ಬಗ್ಗೆ ಮಾತ್ರ ತಜ್ಞರಲ್ಲಿ ಒಮ್ಮತವಿಲ್ಲ.

ಜರ್ಮನಿಯಲ್ಲಿ ನಡನೋವಿನ 1,162 ಜನರನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ಮೇಲೆ ನೋಡಿದಾಗ, ಶಾಸ್ತ್ರದ ಪ್ರಕಾರ ಸೂಜಿ ಹಾಕಿಸಿಕೊಂಡವರಲ್ಲಿ 100ಕ್ಕೆ 48 ಜನರಿಗೆ ಗುಣ ಕಂಡಿತ್ತು. ಗುಳಿಗೆ, ವ್ಯಾಯಾಮ ಮುಂತಾದ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ 27 ಜನರಿಗೆ. ಆದರೆ ಬೇರೆ ಜಾಗದಲ್ಲಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿಯೂ 44 ಜನರಿಗೆ ಗುಣವಾಗಿತ್ತು! ಅಂದರೆ ಸೂಜಿಯಿಂದ ಆರಾಮವಾಗುವುದುಂಟು. ಆದರೆ "ಈ ಗುಪ್ತ ಬಿಂದು ನನಗೊಬ್ಬನಿಗೇ ಗೊತ್ತು" ಎಂದು ಹೇಳಿ ಹಣ ಕೀಳುವವನನ್ನು ನಂಬಬೇಕಾಗಿಲ್ಲ. ಅರ್ಧದಷ್ಟು ಜನರಿಗೆ ಗುಣ ಕಾಣಲಿಲ್ಲ ಎಂಬುದನ್ನೂ ಮರೆಯಬಾರದು.

ಹಾಗಾದರೆ ಇದರ ಗೊಡವೆ ಏಕೆ? ನಾವು ದಿನಾ ನುಂಗುವ ನೋವಿನ ಗುಳಿಗೆಗಳೂ ನಿರಪಾಯವಲ್ಲ ಎಂಬುದೇ ಕಾರಣ. ಡೈಕ್ಲೋಫೆನಾಕ್ ಔಷಧ ಕೊಟ್ಟಿದ್ದ ದನಗಳ ಹೆಣ ತಿಂದು, ಮೂತ್ರಪಿಂಡ ಕೆಟ್ಟು ರಣಹದ್ದುಗಳು ಸತ್ತವು. ಅದಕ್ಕಾಗಿ 2006ರಲ್ಲಿ ಸರಕಾರವು ದನಗಳಿಗೆ ಅದನ್ನು ನಿಷೇಧಿಸಿತು. ಮನುಷ್ಯನ ಶರೀರ ಹದ್ದಿನಂತಲ್ಲ, ನಿಜ. ಆದರೂ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಇಂಥ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಕೇಡಾಗುತ್ತದೆ. ಸೂಜಿ ಚಿಕಿತ್ಸೆಯಿಂದ ಗುಳಿಗೆ ಕಡಿಮೆಯಾದರೆ ಅದೇ ಒಂದು ಲಾಭ.

ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ, ಕ್ಯಾನ್ಸರ್ ಇವುಗಳನ್ನು ಸೂಜಿಯಿಂದ ಗುಣಪಡಿಸುತ್ತೇವೆ, ಗುಳಿಗೆ ಬಿಟ್ಟುಬಿಡಿ ಎನ್ನುವವರ ಮಾತು ಪ್ರಾಣಕ್ಕೆ ಎರವಾದೀತು. ನಡನೋವಿನ ಜೊತೆ ಸಂಜೆ ಜ್ವರ ಬಂದರೆ, ತೂಕ ಇಳಿದರೆ, ಕಾಲು ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ದೊಡ್ಡ ದವಾಖಾನೆಗೆ ಹೋಗಿರಿ. ಬೆನ್ನೆಲುಬಿನ ಕ್ಷಯಕ್ಕೆ ಸೂಜಿ ಚುಚ್ಚಿಸುತ್ತಾ ಕುಳಿತರೆ ಕಾಲೇ ಹೋದೀತು.

ಸೂಜಿ ಹಾಕಿಸಿಕೊಳ್ಳುವ ಮುನ್ನ ಮೂರು ಮಾತು ಕೇಳಿರಿ. ಒಂದು, ಚಿಕಿತ್ಸಕರ ನೋಂದಣಿ ಆಗಿದೆಯೇ? ನಮ್ಮ ಮಹಾರಾಷ್ಟ್ರದಲ್ಲಿ ಇದಕ್ಕೆಂದೇ 2015ರ ಕಾಯಿದೆಯಿದೆ. ಕೇಂದ್ರ ಸರಕಾರವೂ 2019ರಲ್ಲಿ ಈ ಪದ್ಧತಿಗೆ ಮನ್ನಣೆ ಕೊಟ್ಟಿದೆ. ಎರಡು, ನಿಮ್ಮ ಕಣ್ಣೆದುರಿಗೇ ಹೊಸ ಸೂಜಿಯ ಪಾಕೀಟು ಒಡೆಯುತ್ತಾರೆಯೇ? ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಕಾಮಾಲೆ, ಎಚ್‌ಐವಿ ತಗಲಬಹುದು. ಮೂರು, ಎಷ್ಟು ಸಲ ಬರಬೇಕು, ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸಬೇಕು? ಗರ್ಭಿಣಿಯರೂ ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರೂ ಅದನ್ನು ಮೊದಲೇ ತಿಳಿಸಬೇಕು.

ಕೊನೆಯದಾಗಿ ಮನೆಯ ಯಜಮಾನರಿಗೆ ಒಂದು ಮಾತು. ಎತ್ತು ಕುಂಟಿದರೆ ಅದೇ ದಿನ ದನದ ಡಾಕ್ಟರರನ್ನು ಕರೆಸುತ್ತೇವೆ. ಕಳೆ ತೆಗೆದು, ನೀರು ಹೊತ್ತು ನಡ ಹಿಡಿದ ಹೆಂಡತಿಗೋ ತಾಯಿಗೋ "ಸಹಿಸಿಕೋ" ಎನ್ನುತ್ತೇವೆ. ಪ್ರಭು ಯೇಸು ಹದಿನೆಂಟು ವರ್ಷ ನಡ ಬಗ್ಗಿದ್ದ ಹೆಣ್ಣುಮಗಳನ್ನು ಸಬ್ಬತ್ ದಿನವೇ ನೆಟ್ಟಗೆ ನಿಲ್ಲಿಸಿದರು, ನಾಳೆ ಬಾ ಎನ್ನಲಿಲ್ಲ. ಸೂಜಿಯೋ ಗುಳಿಗೆಯೋ ವೈದ್ಯರು ಹೇಳಲಿ. ಅವರ ಬಳಿಗೆ ಕರೆದುಕೊಂಡು ಹೋಗುವ ಹೊಣೆ ನಮ್ಮದು.