ಗೌಜಲಕ್ಕಿಗೆ ಯೀಸ್ಟ್: ಪೊಟ್ಟಣದೊಳಗೆ ಏನಿದೆ ಸ್ವಾಮಿ?

ಗೌಜಲಕ್ಕಿ ಸಾಕೋದು ಸುಲಭ ಅಂತಾರೆ. ಜಾಗ ಕಮ್ಮಿ, ಐದು ವಾರಕ್ಕೆ ಮಾರಾಟ, ಆರೇಳು ವಾರಕ್ಕೆ ಮೊಟ್ಟೆ. ಹೊಲದ ಬದುವಿನಿಂದ ಪುರ್ರೆಂದು ಏಳುವ ಕಾಡು ಗೌಜಲಲ್ಲ ಇದು. ಅದನ್ನು ಹಿಡಿದರೆ 1972ರ ಕಾಯ್ದೆ ಪ್ರಕಾರ ಅಪರಾಧ. ಇದು ಜಪಾನ್ ತಳಿ, 1974ರಲ್ಲಿ ಅಮೆರಿಕದಿಂದ ಇಜ್ಜತ್‌ನಗರಕ್ಕೆ ಬಂದದ್ದು. 2011ರಲ್ಲಿ ಕೇಂದ್ರದವರು ಇದಕ್ಕೂ ಕಾಡುಹಕ್ಕಿ ಕಾಯ್ದೆ ಹಚ್ಚಿ ಹೊಸ ಫಾರಂ ಬೇಡವೆಂದರು, 2013ರಲ್ಲಿ ಸಡಿಲಿಸಿದರು. ಆ ತಾಪತ್ರಯ ಮುಗೀತು. ಈಗ ಉಳಿದದ್ದು ಫೀಡಿನ ತಾಪತ್ರಯ.

ಈ ಮರಿಗೆ ನೂರಕ್ಕೆ 24ರಿಂದ 27 ಪಾಲು ಪ್ರೋಟೀನ್ ಬೇಕು, ಬ್ರಾಯ್ಲರ್ ಮರಿಗಿಂತ ಹೆಚ್ಚು. ಟಿ. ನರಸೀಪುರದ ಗಿರಣಿ ತೌಡು ಎಷ್ಟು ಸುರಿದರೂ ಅದು ದಕ್ಕದು. ಸೋಯಾ ಹಿಂಡಿಯೋ ಮೀನಿನ ಪುಡಿಯೋ ಬೇಕು. ಅದರ ರೇಟು ಅಂಗಡಿಯವರಿಗೇ ಗೊತ್ತು. ಅದಕ್ಕೇ ಈಗ ‘ಯೀಸ್ಟ್ ಹಾಕಿ’ ಅನ್ನೋ ಮಾತು.

ಮಾತು ಸುಳ್ಳಲ್ಲ. ಬೇಕರಿಯವರು ಬನ್ ಉಬ್ಬಿಸೋಕೆ ಹಾಕುವ ಜಾತಿಯದೇ ಇದು. ಒಣ ಯೀಸ್ಟ್‌ನಲ್ಲಿ ನೂರಕ್ಕೆ 40-45 ಪಾಲು ಪ್ರೋಟೀನ್, ಬಿ ಜೀವಸತ್ವ ಧಾರಾಳ. ಅದರ ಕೋಶದ ಗೋಡೆಯಲ್ಲಿರುವ ಸಕ್ಕರೆಯಂಥ ವಸ್ತು ಕೆಲವು ರೋಗಾಣು ಕರುಳಿಗೆ ಅಂಟದ ಹಾಗೆ ತಡೆಯುತ್ತೆ. ಫೀಡಿಗೆ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಔಷಧಿಯನ್ನು ಸರ್ಕಾರ 2019ರಲ್ಲಿ ನಿಷೇಧಿಸಿದ ಮೇಲೆ ಇಂಥದ್ದಕ್ಕೆ ಬೆಲೆ ಬಂದಿದೆ. ಆದರೆ ಮೆಥಿಯೋನಿನ್ ಎಂಬ ಅಂಶ ಇದರಲ್ಲಿ ಕಮ್ಮಿ. ಸೋಯಾ ಪೂರ್ತಿ ತೆಗೆದು ಯೀಸ್ಟ್ ಸುರಿದರೆ ಗರಿಯೂ ಸರಿಯಾಗಿ ಬಾರದು, ತೂಕವೂ ಬಾರದು. ಸಾವಿರ ದೊಡ್ಡ ಹಕ್ಕಿ ದಿನಕ್ಕೆ 25-30 ಕಿಲೋ ತಿನ್ನುತ್ತೆ. ನೂರಕ್ಕೆ ಒಂದರ ಲೆಕ್ಕದಲ್ಲಿ ಯೀಸ್ಟ್ ಕಾಲು ಕಿಲೋ, ಹೆಚ್ಚೆಂದರೆ 300 ಗ್ರಾಂ. ಗಲೀಜು ಶೆಡ್ಡಿಗೆ ಇದು ಮದ್ದಲ್ಲ.

ನಂಜನಗೂಡು ಕಡೆ ಬಿಯರ್ ಕಾರ್ಖಾನೆ ಇದೆ, ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯ ಜೊತೆ ಮದ್ಯಸಾರದ ಘಟಕವಿದೆ. ಯೀಸ್ಟ್ ಊರ ಬಾಗಿಲಲ್ಲೇ ಇದೆ ಅಂತ ಬಕೆಟ್ ಹಿಡಿದು ಓಡಬೇಡಿ. ಹಸಿ ಯೀಸ್ಟ್ ಒಂದೆರಡು ದಿನಕ್ಕೆ ಹಳಸುತ್ತೆ. ಕಾಯಿಸದೆ ಹಾಕಿದರೆ ಹಕ್ಕಿಗೆ ಸೇರಬೇಕಾದ ಬಿ ಜೀವಸತ್ವವನ್ನು ತಾನೇ ತಿಂದೀತು. ಮದ್ಯಸಾರದ ರಾಡಿಯಲ್ಲಂತೂ ಉಪ್ಪು, ಬೂದಿ ಜಾಸ್ತಿ.

ನಮ್ಮ ತಕರಾರು ಬಿಡಿ ಪುಡಿಯ ಮೇಲೆ. ಪ್ರೋಟೀನ್ ಪರೀಕ್ಷೆ ಅಂದರೆ ಸಾಮಾನ್ಯವಾಗಿ ಸಾರಜನಕ ಅಳೆಯೋದು. ಯೂರಿಯಾ ಬೆರೆಸಿದರೂ ಅಂಕಿ ಏರುತ್ತೆ! ಹಸುವಿನ ಹೊಟ್ಟೆ ಯೂರಿಯಾವನ್ನು ಅಷ್ಟಿಷ್ಟು ದಕ್ಕಿಸಿಕೊಳ್ಳುತ್ತೆ, ಹಕ್ಕಿಗೆ ಅದು ದಕ್ಕದು. ತಯಾರಕರ ಹೆಸರು, ತಾರೀಖು, ಬೆರಕೆಯ ವಿವರ ಇಲ್ಲದ ಪೊಟ್ಟಣವನ್ನು ಅಂಗಡಿಯವರು ಇಳಿಸಿಕೊಳ್ಳಬಾರದು, ಕೊಳ್ಳುವವರು ಬಿಲ್ ಇಲ್ಲದೆ ಕೊಳ್ಳಬಾರದು.

ಪಶುಸಂಗೋಪನಾ ಇಲಾಖೆಯವರು ಎರಡೂ ತಾಲ್ಲೂಕಿನ ಅಂಗಡಿಗಳಿಂದ ಸ್ಯಾಂಪಲ್ ಎತ್ತಲಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದವರು ನೂರು ಹಕ್ಕಿಗೆ ಯೀಸ್ಟ್ ಹಾಕಿ, ನೂರಕ್ಕೆ ಹಾಕದೆ, ಐದು ವಾರ ತೂಗಿ, ಆ ಲೆಕ್ಕವನ್ನು ಜಾತ್ರೆಯ ಕೃಷಿ ಮೇಳದಲ್ಲಿ ಎಲ್ಲರಿಗೂ ಕಾಣುವಂತೆ ಬೋರ್ಡ್ ಮೇಲೆ ಬರೆದು ನಿಲ್ಲಿಸಲಿ.