ಲೀಲಾಳನ್ನು ಕೇಳಿದವರು ಯಾರು?

‘ಆವಾರಾ’ ಚಿತ್ರದ ಕೊನೆಯಲ್ಲಿ ಕಣ್ಣೊರೆಸಿಕೊಳ್ಳದವನು ಕಲ್ಲೆದೆಯವನೆಂದು ಮೊನ್ನೆ ಮಿತ್ರರೊಬ್ಬರು ತೀರ್ಪು ಕೊಟ್ಟರು. ಹಾಗಾದರೆ ನಾನು ಕಲ್ಲೆದೆಯವನೇ ಸರಿ. 1951ರ ಆ ಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ. ಮೂರನೆಯ ಸಲ ಬಂದದ್ದು ಅಳುವಲ್ಲ, ಸಿಟ್ಟು.

ಕಥೆ ತಿಳಿಯದವರು ಕಡಮೆ. ನ್ಯಾಯಾಧೀಶ ರಘುನಾಥನದು ಒಂದೇ ಸಿದ್ಧಾಂತ: ಸಭ್ಯನ ಮಗ ಸಭ್ಯ, ಕಳ್ಳನ ಮಗ ಕಳ್ಳ. ಅದರ ಬಲದಿಂದಲೇ ಜಗ್ಗನೆಂಬವನನ್ನು ಸೆರೆಮನೆಗಟ್ಟುತ್ತಾನೆ. ಜಗ್ಗ ಸೇಡಿಗಾಗಿ ಆತನ ಹೆಂಡತಿ ಲೀಲಾಳನ್ನು ಹೊತ್ತೊಯ್ಯುತ್ತಾನೆ. ಬಸುರಿಯೆಂದು ತಿಳಿದೊಡನೆ ಬಿಟ್ಟುಬಿಡುತ್ತಾನೆ. ದರೋಡೆಕೋರನಿಗೆ ತಿಳಿದ ಸತ್ಯವನ್ನು ಗಂಡ ನಂಬಲೊಲ್ಲ. ವಿಧವೆಯನ್ನು ಮದುವೆಯಾಗುವ ಧೈರ್ಯವಿದ್ದವನಿಗೆ ಅವಳ ಮಾತನ್ನು ನಂಬುವಷ್ಟು ಧೈರ್ಯವಿರಲಿಲ್ಲ! ಲೀಲಾ ಬೀದಿಯ ಮಳೆಯಲ್ಲಿ ಹೆರುತ್ತಾಳೆ. ಮಗ ರಾಜು ಜಗ್ಗನ ಕೈಯಲ್ಲಿ ಕಳ್ಳನಾಗಿ ಬೆಳೆಯುತ್ತಾನೆ. ಕೊನೆಗೆ ತಂದೆಯನ್ನೇ ಕೊಲ್ಲಹೋಗಿ ಮೂರು ವರ್ಷದ ಶಿಕ್ಷೆಗೆ ಗುರಿಯಾಗುತ್ತಾನೆ. ತಂದೆ ಸೆರೆಮನೆಗೆ ಹೋಗಿ ಅಳುತ್ತಾನೆ. ಚಿತ್ರಮಂದಿರವೂ ಅಳುತ್ತದೆ.

ಕಥೆ ಬರೆದ ಅಬ್ಬಾಸರು ರಕ್ತದಿಂದಲ್ಲ, ಪರಿಸರದಿಂದ ಮನುಷ್ಯ ಕೆಡುತ್ತಾನೆಂದು ವಾದಿಸಿದರು, ವಾದ ಗೆದ್ದಿತು. ಅದರೊಡನೆ ನನ್ನ ಜಗಳವಿಲ್ಲ. ಆದರೆ ರಘುನಾಥ ಮಾಡಿದ್ದು ಬರಿಯ ತಪ್ಪು ಸಿದ್ಧಾಂತವೇ? ಸಿದ್ಧಾಂತವನ್ನು ತಿದ್ದಿಕೊಳ್ಳಬಹುದು. ತುಂಬು ಬಸುರಿಯನ್ನು ರಾತ್ರಿ ಹೊರಗೆ ನೂಕಿದ್ದನ್ನು ಹೇಗೆ ತಿದ್ದುವುದು? ಚಿತ್ರ ಜಾಣತನದಿಂದ ಮೊದಲನೆಯದನ್ನು ವಿಚಾರಣೆಗೆ ನಿಲ್ಲಿಸಿ, ಎರಡನೆಯದನ್ನು ಹಿಂಬಾಗಿಲಿನಿಂದ ಬಿಡುಗಡೆ ಮಾಡುತ್ತದೆ.

ಆ ಕೋರ್ಟನ್ನೊಮ್ಮೆ ನೋಡಿ. ತಂದೆಯ ಪಾತ್ರದಲ್ಲಿ ಪೃಥ್ವಿರಾಜ್ ಕಪೂರ್, ಮಗನ ಪಾತ್ರದಲ್ಲಿ ಅವರ ಸ್ವಂತ ಮಗ ರಾಜ್ ಕಪೂರ್, ನಿರ್ದೇಶಕರೂ ಅವರೇ. ಪೀಠದಲ್ಲಿ ಕುಳಿತವರು ಪೃಥ್ವಿರಾಜರ ತಂದೆ ಬಶೇಶ್ವರನಾಥರು. ಪ್ರೇಕ್ಷಕ ಅರ್ಧ ಅಳುವುದು ಕಥೆಗಾಗಿ, ಅರ್ಧ ಈ ಮನೆತನಕ್ಕಾಗಿ. ಒಂದೇ ಮನೆಯ ಮೂರು ತಲೆಮಾರಿನ ಗಂಡಸರು ತಮ್ಮ ತಮ್ಮಲ್ಲೇ ವ್ಯಾಜ್ಯ ತೀರಿಸಿಕೊಳ್ಳುತ್ತಾರೆ. ಫಿರ್ಯಾದಿಯಾಗಬೇಕಿದ್ದ ಲೀಲಾ ಅಷ್ಟರಲ್ಲಿ ಗಂಡನ ಕಾರಿಗೇ ಸಿಕ್ಕಿ ತೀರಿಕೊಂಡಿದ್ದಾಳೆ. ರಘುನಾಥನನ್ನು ಕಟಕಟೆಯಲ್ಲಿ ಕೆಣಕುವವಳು ವಕೀಲೆ ರೀತಾ ಒಬ್ಬಳೇ. ಅಷ್ಟರಮಟ್ಟಿಗೆ ನರ್ಗೀಸರಿಗೆ ನಮಸ್ಕಾರ.

ಇದು ಸೀತಾಪರಿತ್ಯಾಗದ ಕಥೆಯೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ರಘುನಾಥನೆಂಬ ಹೆಸರೇ ಸಾಕು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಜಗಲಿಯ ಮೇಲೆ ಕೇಳಿದ ನಮ್ಮ ಅಜ್ಜಿಯರು ಕುಶಲವರಿಗಿಂತ ಮೊದಲು ಕಾಡಿನಲ್ಲಿ ನಿಂತ ಆ ಗರ್ಭಿಣಿಗಾಗಿ ಅತ್ತವರು. ವಾಲ್ಮೀಕಿಯ ಸೀತೆಯಾದರೂ ಸಭೆಯ ನಡುವೆ ನಿಂತು, ನಿಮ್ಮ ಪರೀಕ್ಷೆ ಸಾಕೆಂಬಂತೆ ಭೂಮಿಗಿಳಿದಳು. ಲೀಲಾಳಿಗೆ ಅಷ್ಟು ಸಭೆಯೂ ದಕ್ಕಲಿಲ್ಲ.

‘ಮಗನೇ ಕರಗಿದ ಮೇಲೆ ನಿನ್ನದೇನಯ್ಯ?’ ಎಂದರು ಮಿತ್ರರು. ಮಗ ತನ್ನ ಪಾಲಿನ ಬಾಲ್ಯವನ್ನು ಕ್ಷಮಿಸಲಿ, ಬೇಡವೆನ್ನುವುದಿಲ್ಲ. ತಾಯಿಯ ಲೆಕ್ಕವನ್ನೂ ಅದರಲ್ಲೇ ಚುಕ್ತಾ ಮಾಡಲು ಅವನಿಗೆ ಅಧಿಕಾರ ಕೊಟ್ಟವರು ಯಾರು?

ನಾಲ್ಕನೆಯ ಸಲ ನೋಡಲು ಅವರೇ ಕರೆದಿದ್ದಾರೆ. ಹೋಗುತ್ತೇನೆ, ಸೆರೆಮನೆಯ ದೃಶ್ಯಕ್ಕೆ ಮೊದಲೇ ಎದ್ದು ಬರುತ್ತೇನೆ.