‘ಸ್ಪೆಲ್’ ಎಂಬ ಪದದ ಎರಡು ವಂಶಗಳು
ಮಂತ್ರ, ಮೋಡಿ ಎಂಬ ಅರ್ಥದಲ್ಲಿ ಬಳಕೆಯಾಗುವ ಇಂಗ್ಲಿಷಿನ ‘ಸ್ಪೆಲ್’ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದುದು ಮಾತು, ಕಥನ ಎಂಬ ಸರಳಾರ್ಥ. ಕ್ರೈಸ್ತರ ಸುವಾರ್ತೆಯ ಹೆಸರಾದ ‘ಗಾಸ್ಪೆಲ್’ನಲ್ಲಿ, ಅಂದರೆ ‘ಒಳ್ಳೆಯ ಸುದ್ದಿ’ಯಲ್ಲಿ, ಅದು ಇಂದಿಗೂ ಉಳಿದಿದೆ. ಆಡಿದ ಮಾತಿಗೇ ಕಟ್ಟಿಹಾಕುವ ಶಕ್ತಿಯುಂಟೆಂಬ ನಂಬಿಕೆ ಬೆರೆತು 16ನೆಯ ಶತಮಾನದ ಹೊತ್ತಿಗೆ ಅದು ಮಂತ್ರವಾಯಿತು. ಅಕ್ಷರಗಳನ್ನು ಒಂದೊಂದಾಗಿ ಹೇಳುವ ‘ಸ್ಪೆಲಿಂಗ್’ ಇದೇ ಜರ್ಮಾನಿಕ್ ಮೂಲದ್ದಾದರೂ ಫ್ರೆಂಚಿನ ಮೂಲಕ ಸುತ್ತಿಬಂದದ್ದು. ಇವೆಲ್ಲಕ್ಕಿಂತ ಕುತೂಹಲಕರವಾದುದು ಕ್ರಿಕೆಟ್ಟಿನ ಸ್ಪೆಲ್: ಬೌಲರ್ ಒಬ್ಬ ವಿಶ್ರಾಂತಿಯಿಲ್ಲದೆ ಸತತವಾಗಿ ಎಸೆಯುವ ಓವರುಗಳ ಸರಣಿಗೆ ಸಲ್ಲುವ ಈ ಪದ ಮಂತ್ರದ ಸಂಬಂಧಿಯಲ್ಲ, ಇನ್ನೊಬ್ಬರ ಬದಲಿಗೆ ನಿಲ್ಲುವುದು ಎಂಬರ್ಥದ ಬೇರೊಂದು ಕ್ರಿಯಾಪದದಿಂದ ಹೊರಟು, ಕೆಲಸದ ಸರದಿಯಾಗಿ, ಬಳಿಕ ಯಾವುದೇ ಅವಧಿಯಾಗಿ ಬೆಳೆದದ್ದು. ಮಳೆಗಾಲದ ನಡುವೆ ರೈತರನ್ನು ಕಂಗೆಡಿಸುವ, ಹವಾಮಾನ ವರದಿಗಳ ‘ಡ್ರೈ ಸ್ಪೆಲ್’ ಕೂಡ ಇದೇ ವಂಶದ್ದು.